ಕಾಕಾ ಹೇಳಿದ ಬರ, ಮ್ಯಾಡಮ್ ಬರೆದ ಬರಂ

ಇದು ನಾನು ಹೇಳುವ ಹಾಗೆಯೇ ನಡೆಯಿತೆಂದು ಆಣೆ ಮಾಡಲಾರೆ. ಮಿರಜದ ಪೂರ್ವಕ್ಕೆ, ನನ್ನ ಅವ್ವನ ತಂಗಿ ಮಾವಶಿಯ ಊರಿನಲ್ಲಿ, ಬೇವಿನ ಗಿಡದ ಕೆಳಗೆ ಕೂತು, ಅವಳ ಗಂಡ ಅಂದರೆ ನಮ್ಮ ಕಾಕಾ ಒಂದು ಶಬ್ದ ಹೇಳಿದರು. ನನ್ನ ಸಹೋದ್ಯೋಗಿ ಅದನ್ನು ಬೇರೆ ಶಬ್ದವಾಗಿ ಕೇಳಿಸಿಕೊಂಡಳು. ಇಷ್ಟೇ ಕಥೆ. ನಮ್ಮ ಮನೆತನದಲ್ಲಿ ಯಾವ ಮದುವೆಯ ಪಂಗತಿಯೂ ಈಗ ಈ ಕಥೆಯಿಲ್ಲದೆ ಏಳುವುದಿಲ್ಲ. ಹೇಳುವವರು ಬದಲಾದಂತೆ ನಾನು ಒಮ್ಮೆ ಕಾಕಾನ ಪಕ್ಕದಲ್ಲೇ ನಿಂತಿರುತ್ತೇನೆ, ಒಮ್ಮೆ ಅಡಿಗೆಮನೆಯಲ್ಲಿ ರೊಟ್ಟಿ ತಿನ್ನುತ್ತಿರುತ್ತೇನೆ, ಒಮ್ಮೆ ಊರಿನಲ್ಲೇ ಇರುವುದಿಲ್ಲ. ಮೂರೂ ಕಡೆ ನಾನು ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಒಂದೇ: ಒಬ್ಬನೇ ಸಾಕ್ಷಿಯನ್ನು ನಂಬಬೇಡ. ಆ ಒಬ್ಬ ಸಾಕ್ಷಿ ನಾನೇ ಆಗುತ್ತೇನೆಂದು ಅವರೂ ಅಂದುಕೊಂಡಿರಲಿಕ್ಕಿಲ್ಲ. ಅದೂ ಅಲ್ಲದೆ ಈ ಜೋಕು ನನಗಿಂತ ಹಿರಿಯದು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ಮರಾಠಿ ಎಂದು ತಲೆಮಾರುಗಳಿಂದ ಬದುಕಿದ ನಮ್ಮಂಥವರ ಮನೆಗಳಲ್ಲಿ ಇದನ್ನು ಅಜ್ಜಂದಿರೂ ಹೇಳಿಕೊಂಡು ನಕ್ಕಿದ್ದಾರೆ. ಹಳೆಯ ಜೋಕೊಂದು ನಿಮ್ಮ ಕಣ್ಣೆದುರೇ ಹೊಸದಾಗಿ ನಡೆಯಿತು ಎಂದು ಯಾರಾದರೂ ಹೇಳಿದರೆ ಮೊದಲು ಅನುಮಾನಿಸಬೇಕಾದದ್ದು ಹೇಳುವವನನ್ನು.

ಎಮ್ಮೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಮಾವಶಿಗೆ ಒಂದು ಎಮ್ಮೆ ಇತ್ತು, ಅದು ಗಬ್ಬವಾಗಿತ್ತು. ಅದನ್ನು ಇಟ್ಟುಕೊಳ್ಳಬೇಕೋ ದಲ್ಲಾಳಿಗೆ ಮಾರಬೇಕೋ ಎಂಬುದು ಆ ವರ್ಷ ಆಕಾಶದಲ್ಲಿ ಸುತ್ತುವ ಯಂತ್ರವೊಂದರ ಅಭಿಪ್ರಾಯದ ಮೇಲೆ ನಿಂತಿತ್ತು.

ಆ ಯಂತ್ರದ ಅಭಿಪ್ರಾಯವನ್ನು ಮನುಷ್ಯರಿಗೆ ತಿಳಿಯುವಂತೆ ಮಾಡುವುದು ನನ್ನ ಉದ್ಯೋಗ. ನಮ್ಮ ಆಫೀಸು ಸಾಂಗಲಿಯ ಅರಿಸಿನ ಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಅಡತಿ ಅಂಗಡಿಯ ಮಾಳಿಗೆಯ ಮೇಲಿತ್ತು. ಉಪಗ್ರಹ ಚಿತ್ರ ನೋಡಿ ಯಾವ ಊರಿಗೆ ಬರ, ಯಾವ ಊರಿಗೆ ಇಲ್ಲ ಎಂದು ನಕಾಶೆ ತಯಾರಿಸಿ ಮೇಲಿನವರಿಗೆ ಕಳಿಸುವ ಗುತ್ತಿಗೆ. ಅರಿಸಿನದ ಧೂಳು ಕಿಟಕಿಯ ಸಂದಿಯಿಂದ ಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಸಂಜೆಯ ಹೊತ್ತಿಗೆ ನಾವೆಲ್ಲ ಮದುವೆಗೆ ಸಿದ್ಧವಾದವರ ಹಾಗೆ ಹಳದಿ ಕೈ ಹೊತ್ತು ಮನೆಗೆ ಹೋಗುತ್ತಿದ್ದೆವು. ಕೆಳಗಿನ ಅಂಗಡಿಯ ಸಾವಕಾರರು, ಅವರೂ ಕನ್ನಡದವರೇ, ಮೆಟ್ಟಿಲ ಬುಡದಲ್ಲಿ ದಿನವೂ ಕೇಳುತ್ತಿದ್ದರು: "ಏನ್ರಿಪಾ, ಇವತ್ತ ಎಷ್ಟ ಬರ ತೆಗದ್ರಿ? ಮಾಲ ಹೆಂಗೈತಿ?"

ಮಾಲು ಚೆನ್ನಾಗಿಯೇ ಇರುತ್ತಿತ್ತು. ಎಲೆಗಳು ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಉಪಗ್ರಹ ಅದನ್ನು ಹಿಡಿಯುತ್ತದೆ. ನಾವು ಅದರಿಂದ ಪ್ರತಿ ತುಂಡು ನೆಲಕ್ಕೂ ಹಸಿರಿನ ಅಂಕ ಕೊಡುತ್ತೇವೆ, ಮಾಸ್ತರು ಕೊಟ್ಟಂತೆ. ಹಿಂದಿನ ವರ್ಷಗಳಿಗಿಂತ ಅಂಕ ಕಡಿಮೆಯಾದರೆ ಊರು ಬರದಲ್ಲಿ ಪಾಸು. ಮನುಷ್ಯನ ಇತಿಹಾಸದಲ್ಲಿ ನಪಾಸಾದರೆ ಪಾಸಾಗುವ ಪರೀಕ್ಷೆ ಇದೊಂದೇ ಇರಬೇಕು.

ಮಳೆಗಾಲ ಕೈಕೊಟ್ಟು ಮುಗಿಯುತ್ತಿದ್ದ ಹೊತ್ತಿಗೆ ಮಾವಶಿ ಮೊಣಕಾಲು ತೋರಿಸಲು ಮಿರಜಕ್ಕೆ ಬಂದವಳು, ಅಲ್ಲಿಂದ ಬಸ್ಸು ಹಿಡಿದು ಸಾಂಗಲಿಗೆ ಬಂದು, ಮೊಣಕಾಲಿಗೆ ಬೈಯುತ್ತಲೇ ನಮ್ಮ ಮೆಟ್ಟಿಲು ಹತ್ತಿದಳು. ಅಕ್ಕನ ಮಗ ಸರಕಾರಕ್ಕೆ ಬರ ಹೇಳುವ ಕೆಲಸದಲ್ಲಿದ್ದಾನೆ ಎಂದು ಊರೆಲ್ಲ ಹೇಳಿಕೊಂಡಿದ್ದಳು. ಅದನ್ನು ಒಮ್ಮೆ ಕಣ್ಣಾರೆ ನೋಡುವುದು ಬಾಕಿಯಿತ್ತು. ನಾನು ತೆರೆಯ ಮೇಲೆ ಅವಳ ಊರನ್ನು ತೆಗೆದೆ. ಮನೆಗಳು, ದಾರಿ, ಕೆರೆ. ಕೆರೆಯ ಸುತ್ತ ಕೆಂಪೋ ಕೆಂಪು.

ಮಾವಶಿ ಎರಡೂ ಕೈ ಜೋಡಿಸಿದಳು. "ಬಾಳ ಚೊಲೊ ಆತು ನೋಡು. ಇಷ್ಟ ಕೆಂಪಾಗೇತಿ ಅಂದ್ರ ಛಾವಣಿ ಗ್ಯಾರಂಟಿ."

ಛಾವಣಿ ಎಂದರೆ ನಮ್ಮ ಕಡೆ ಮನೆಯ ಮೇಲಿನ ಸೂರಲ್ಲ. ಬರವೆಂದು ಸಾರಿದ ಊರುಗಳಲ್ಲಿ ಬೇಸಿಗೆಗೆ ಸರಕಾರದ ವತಿಯಿಂದ ದನಕರುಗಳಿಗೆ ಮೇವು ನೀರು ಕೊಡುವ ಬಿಡಾರ. ಅಲ್ಲಿ ದನ ಕಟ್ಟಿದರೆ ಬೇಸಿಗೆ ದಾಟಿದಂತೆ.

"ಮಾವಶಿ, ಇದರಾಗ ಕೆಂಪ ಅಂದ್ರ ಹಸರರಿ," ಅಂದೆ.

"ಏನು?"

"ಹಸರ ಗಿಡ ಎಲ್ಲಿ ಐತೋ ಅಲ್ಲಿ ಕೆಂಪ ತೋರಸ್ತೀವಿ. ಹಂಗ ಪದ್ಧತಿ."

ಅವಳು ತೆರೆಯನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದಳು. "ನಿಮ್ಮ ಸಾಹೇಬ ಗಾಡಿ ಹೊಡ್ಯಾಗ ಸಿಗ್ನಲ್ ಹೆಂಗ ದಾಟತಾನ?"

ಉತ್ತರಕ್ಕೆ ಕಾಯದೆ ಬೆರಳನ್ನು ಕೆರೆಯ ಮೇಲೆ ಒತ್ತಿದಳು. "ಕೆರ್‍ಯಾಗ ಹನಿ ನೀರಿಲ್ಲ, ಹಸರ ಎಲ್ಲಿಂದ ಬಂತು?"

"ಜಾಲಿ ಇರಬೇಕ್ರಿ."

"ಹುಚ್ಚ ಜಾಲಿ! ಅದನ್ನ ನನ್ನ ಎಮ್ಮಿ ತಿಂತೈತೇನ? ನಿನ್ನ ಉಪಗ್ರಹ ತಿಂತೈತೇನ?"

ಬಳ್ಳಾರಿ ಜಾಲಿಯ ವಿಷಯ. ಮರಾಠಿಯಲ್ಲಿ ಅದರ ಹೆಸರೇ ವೇಡೀ ಬಾಭೂಳ, ಹುಚ್ಚು ಜಾಲಿ. ಮಳೆ ಬರಲಿ ಬಿಡಲಿ, ಬತ್ತಿದ ಕೆರೆಯಂಗಳದಲ್ಲಿ ಅದು ಹಸಿರಾಗಿ ನಗುತ್ತ ನಿಂತಿರುತ್ತದೆ. ಹಸಿರಿನ ಅಂಕ ಕೊಡುವಾಗ ಅದು ಜೋಳವೋ ಜಾಲಿಯೋ ಎಂದು ನಮ್ಮ ಲೆಕ್ಕ ಕೇಳುತ್ತಿರಲಿಲ್ಲ. ಜಾತಿ ಕೇಳಬಾರದೆಂಬ ಸಂಸ್ಕಾರ ಕಂಪ್ಯೂಟರಿಗಾದರೂ ಬಂದಿತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮಾವಶಿ ಕುರ್ಚಿಯಲ್ಲಿ ಕೂತು ವಿಷಯ ಹೇಳಿದಳು. ಹಿತ್ತಲ ಬಣವೆಯ ಕಣಕಿ, ಅಂದರೆ ಜೋಳದ ಒಣದಂಟು, ಚಳಿಗಾಲ ಕಳೆಯುವ ತನಕ ಸಾಕು. ಆಮೇಲೆ ಛಾವಣಿ ಬಂದರೆ ಎಮ್ಮೆ ಉಳಿಯುತ್ತದೆ, ಬರದಿದ್ದರೆ ಮಿರಜದ ದಲ್ಲಾಳಿ ಈಗಾಗಲೇ ಬಂದು ಹಲ್ಲು ಹಿಡಿದು ನೋಡಿ ಹೋಗಿದ್ದಾನೆ. "ಇದರ ಅವ್ವ ನನ್ನ ಕೈಯಾಗ ಹುಟ್ಟೇತಿ, ಅದರ ಅವ್ವನೂ ನನ್ನ ಕೈಯಾಗ ಹುಟ್ಟೇತಿ. ಇದನ್ನ ಮಾರಿ ನಾ ಪಾಕೀಟ ಹಾಲಿನ ಚಾ ಕುಡೀಲೇನು?" ದನಿಯಲ್ಲಿ ಅಳುವಿರಲಿಲ್ಲ. ಪಾಕೀಟ ಹಾಲು ಎಂಬುದನ್ನು ಮಾತ್ರ, ಮನೆ ಬಿಟ್ಟು ಓಡಿಹೋದವರ ಹೆಸರು ಹೇಳುವ ಧಾಟಿಯಲ್ಲಿ ಹೇಳಿದಳು.

ಉಪಗ್ರಹ ಹೇಳಿದ್ದೇ ಕೊನೆಯ ಮಾತಲ್ಲ ಎಂದು ಅವಳಿಗೆ ಧೈರ್ಯ ಹೇಳಿದೆ. ನಿಜಕ್ಕೂ ಹಾಗೆಯೇ ನಿಯಮ. ಚಿತ್ರ ಸರಿಯೋ ತಪ್ಪೋ ಎಂದು ಕೆಲವು ಊರುಗಳಿಗೆ ಹೋಗಿ, ಹೊಲ ನೋಡಿ, ಜನರನ್ನು ಕೇಳಿ ಬರಬೇಕು. ಈ ಕೆಲಸಕ್ಕೆ ಮರಾಠಿಯ ಸರಕಾರಿ ಹೆಸರು ಸತ್ಯಮಾಪನ. ಸತ್ಯವನ್ನು ಅಳೆಯುವುದು! ಇಂಥ ಹೆಸರಿಟ್ಟ ಅಧಿಕಾರಿಗೆ ಸತ್ಯದ ಮೇಲೆ ಎಷ್ಟು ಭಕ್ತಿ ಇದ್ದಿರಬೇಕು, ಅಳತೆಪಟ್ಟಿ ತಂದರೆ ಸಾಕೆಂದು ತಿಳಿದಿದ್ದಾರೆ. ಊರುಗಳನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ಆರಿಸುತ್ತದೆ. ಅದು ಮಾವಶಿಯ ಊರನ್ನು ಎತ್ತಿತು. ದೇವರಿದ್ದಾನೆ ಎಂದು ಮಾವಶಿ ಅಂದಳು. ನಾನು ಕಾಕತಾಳೀಯ ಎಂದೆ. ಯಾರದು ಸರಿಯೋ ಈಗಲೂ ತೀರ್ಮಾನವಾಗಿಲ್ಲ.

ಸತ್ಯ ಅಳೆಯುವವಳು ನನ್ನ ಸಹೋದ್ಯೋಗಿ. ಹೋದ ಊರಲ್ಲೆಲ್ಲ ಜನ ಅವಳನ್ನು ಮ್ಯಾಡಮ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಕೊಂಕಣದವಳು. ಗೋಡೆಗೂ ಪಾಚಿ ಹತ್ತುವ ಊರಿನಿಂದ ಬಂದವಳಿಗೆ ಮೊದಮೊದಲು ನಮ್ಮ ಜಿಲ್ಲೆಯ ಪೂರ್ವಭಾಗವೆಲ್ಲ ಮರುಭೂಮಿಯೇ ಆಗಿ ಕಂಡಿತ್ತು. ಕೃಷ್ಣೆಯ ದಂಡೆಗೆ ಹೋಗಿ, ಸಮಡೋಳಿಯ ಕಬ್ಬಿನಲ್ಲಿ ನಿಂತು ಉಸಿರಾಡಿ ಬರುತ್ತಿದ್ದಳು. ಆಮೇಲೆ ಕಣ್ಣು ಪಳಗಿ, ಎರಡು ಹುಲ್ಲುಕಡ್ಡಿ ಕಂಡರೂ "ಛಾನ್ ಆಹೆ", ಚೆಂದ ಇದೆ, ಅನ್ನುವ ಮಟ್ಟಕ್ಕೆ ಬಂದಳು. ಕನ್ನಡ ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಆಫೀಸಿನ ಕನ್ನಡ ವಿಭಾಗವೆಂದರೆ ನಾನು. ಆದ್ದರಿಂದ ಇಬ್ಬರೂ ನನ್ನ ಮೋಟಾರ್‌ಸೈಕಲ್ಲಿನ ಮೇಲೆ ಹೊರಟೆವು. ಮಿರಜದಲ್ಲಿ ಆಸ್ಪತ್ರೆಗಳ ಮುಂದೆ ಎಕ್ಸ್‌ರೇ ಹಿಡಿದು ಓಡಾಡುವ ವಿಜಯಪುರ, ಬಾಗಲಕೋಟೆ ಕಡೆಯ ಜನರನ್ನು ದಾಟಿದ ಮೇಲೆ ರಸ್ತೆ ಬೋಳಾಗುತ್ತ ಹೋಗುತ್ತದೆ.

ದಾರಿಯಲ್ಲಿ ಸಿಗುವ ಊರಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅದು ಆಮೇಲೆ ಬೇಕಾಗುತ್ತದೆ. ಅದು ದ್ರಾಕ್ಷಿಯ ಊರು. ಕಾಲುವೆಯ ನೀರಿದೆ, ಬೋರಿನ ನೀರಿದೆ, ಅಂಗಳದಲ್ಲಿ ಕಾರಿದೆ. ಕಾಕಾನ ಅಕ್ಕ, ಅಂದರೆ ಮಾವಶಿಯ ನಾದಿನಿ, ಆ ಊರಿನ ಸೊಸೆ. ಇಬ್ಬರಿಗೂ ಮಾತಿರಲಿಲ್ಲ. ಯಾವುದೋ ಮದುವೆಯಲ್ಲಿ ಮಾವಶಿ ಬಡಿಸಿದ ಮಜ್ಜಿಗೆಯನ್ನು ನಾದಿನಿ ಎತ್ತಿ ಹಿಡಿದು "ಇದರಾಗ ನನ್ನ ಮುಖ ಕಾಣತೈತಿ" ಅಂದಿದ್ದಳಂತೆ. ಆ ದಿನದಿಂದ ಮಾವಶಿ ಆ ಊರಿನ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಕೂತರೂ ಆ ಕಡೆಯ ಕಿಟಕಿಗೆ ಮುಖ ಮಾಡುತ್ತಿರಲಿಲ್ಲ.

ಮಾವಶಿಯ ಮನೆಯಲ್ಲಿ ಆದದ್ದು ಹೀಗೆ. ಅಥವಾ ಆದದ್ದೆಂದು ನಾನು ನಂಬಿರುವುದು ಹೀಗೆ.

ಮ್ಯಾಡಮ್ ಹೊಲ ನೋಡಿದಳು. ಸಜ್ಜೆ ಮೊಣಕಾಲ ಮಟ್ಟಕ್ಕೆ ನಿಂತು ಮುಂದೆ ಬೆಳೆಯುವ ವಿಚಾರ ಬಿಟ್ಟಿತ್ತು. ಇದು ಬರವೆಂದು ತಿಳಿಯಲು ಅಳತೆಪಟ್ಟಿ ಬೇಕಿರಲಿಲ್ಲ. ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮನೆಗೆ ಬಂದವರನ್ನು ಹಾಗೇ ಕಳಿಸಿದರೆ ಮಾವಶಿಯ ವಂಶಕ್ಕೆ ಕುಂದು. "ಕುಂದ್ರಿ, ಕುಂದ್ರಿ ಮ್ಯಾಡಮ್ ಬಾಯಿ," ಎಂದು ಬೇವಿನ ಕೆಳಗೆ ಹೊರಸು ಹಾಕಿ, ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಅದರ ಮೇಲೆ ಚಾಕುವಿನಿಂದ ಕೊಯ್ಯಬೇಕಾದಂಥ ಎಮ್ಮೆಯ ಗಟ್ಟಿ ಮೊಸರು ತಂದಿಟ್ಟಳು. ಬರದ ಪರೀಕ್ಷೆಗೆ ಬಂದವಳ ಮುಂದೆ ಇಡಬಾರದ ಒಂದೇ ಒಂದು ವಸ್ತು ಇದ್ದರೆ ಅದು ಆ ಮೊಸರು. ಆದರೆ ಮದುವೆಯ ಮಜ್ಜಿಗೆಯ ಮಾತು ಮಾವಶಿಯ ಎದೆಯಲ್ಲಿ ಇನ್ನೂ ನೆಟ್ಟಿತ್ತು. ಜಗತ್ತಿನಲ್ಲಿ ಯಾರೇ ಬಂದರೂ ತನ್ನ ಮನೆಯ ಹೈನು ತೆಳುವಲ್ಲ ಎಂದು ತೋರಿಸಿಯೇ ಕಳಿಸುತ್ತಿದ್ದಳು.

"ಕಿತೀ ಘಟ್ಟ ದಹೀ!" ಎಂದು ಮ್ಯಾಡಮ್ ಮರಾಠಿಯಲ್ಲಿ ಬೆರಗಾದಳು. ಆಮೇಲೆ ಮೊಬೈಲು ತೆಗೆದಳು. ಅದರಲ್ಲಿ ರೈತನ ಅಭಿಪ್ರಾಯವೆಂದು ಒಂದು ಜಾಗ ಇರುತ್ತದೆ. ಕಾಕಾನ ಕಡೆ ತಿರುಗಿ ಕೇಳಿದಳು: "ಕಾಕಾ, ಯಂದಾ ಪೀಕ ಕಸಂ ಆಹೆ?" ಈ ಸಲ ಬೆಳೆ ಹೇಗಿದೆ ಎಂದು.

ಕಾಕಾ ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಈ ಪ್ರಶ್ನೆ ಬಂದದ್ದು ಮರಾಠಿಯಲ್ಲಿ, ಅವರು ಕೂತದ್ದು ಮನೆಯಲ್ಲಿ. ಬಾಯಲ್ಲಿ ತಂಬಾಕು ಬೇರೆ. "ಬರ," ಅಂದರು.

"ಬರಂ?"

"ಹೋ, ಬರ. ಏಕದಮ್ ಬರ."

ಕನ್ನಡದಲ್ಲಿ ಬರ ಎಂದರೆ ಏನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಮರಾಠಿಯಲ್ಲಿ ಬರಂ ಎಂದರೆ ಚೆನ್ನಾಗಿದೆ.

"ಆಣಿ ಪಾಣೀ?" ನೀರಿನ ಕಥೆ ಏನು?

ಕಾಕಾ ಇಲ್ಲಿ ಒಂದು ಕನ್ನಡ ಶಬ್ದಕ್ಕೆ, ಒತ್ತಿ ಹೇಳಲೆಂದು, ಮರಾಠಿಯ ಬಾಲ ಅಂಟಿಸಿದರು. ನಮ್ಮ ಕಡೆ ಎಲ್ಲರೂ ಹಾಗೆ ಮಾಡುತ್ತೇವೆ. ಬರವೇ ಅನ್ನುವ ಬದಲು "ಪಾಣೀ ಪಣ ಬರಚ್" ಅಂದರು. ನೀರಿಗೂ ಬರವೇ. ಮರಾಠಿಯಲ್ಲಿ ಬರಂಚ್ ಎಂದರೆ ಸಾಕಷ್ಟು, ಧಾರಾಳ.

ಬೆಳೆ ಚೆನ್ನಾಗಿದೆ, ನೀರು ಧಾರಾಳವಾಗಿದೆ. ಮೊಸರು ಸಾಕ್ಷಿಯಾಗಿ ತಟ್ಟೆಯಲ್ಲಿ ಕೂತಿದೆ. ಮೊಣಕಾಲೆತ್ತರದ ಸಜ್ಜೆ ಬಹುಶಃ ಈ ಕಡೆಯ ಗಿಡ್ಡ ತಳಿ ಇರಬೇಕು. ಮೇಲೆ ಉಪಗ್ರಹವೂ ಹಸಿರು ಎಂದಿದೆ. ಆಕಾಶ, ನೆಲ, ಮನುಷ್ಯ, ಮೂರೂ ಒಂದೇ ಮಾತು ಹೇಳಿದ ಊರು ನಮ್ಮ ಆಫೀಸಿನ ಚರಿತ್ರೆಯಲ್ಲೇ ಇರಲಿಲ್ಲ. ಮ್ಯಾಡಮ್ "ಸಾಮಾನ್ಯ" ಎಂಬುದನ್ನು ಒತ್ತಿದಳು.

ಆಗ ನಾನೆಲ್ಲಿದ್ದೆ? ನನ್ನ ಪ್ರಕಾರ ಕೊಟ್ಟಿಗೆಯಲ್ಲಿ, ಎಮ್ಮೆಯ ಮುಂದೆ, ಮಾವಶಿಯಿಂದ ಅದರ ಮೂರು ತಲೆಮಾರಿನ ವಂಶಾವಳಿ ಕೇಳುತ್ತ. ಹಾಗಿದ್ದರೆ ಈ ಸಂಭಾಷಣೆ ನನಗೆ ಇಷ್ಟು ಸ್ಪಷ್ಟವಾಗಿ ಹೇಗೆ ಗೊತ್ತು? ಕಾಕಾ ಆಮೇಲೆ ಹೇಳಿದ್ದಿರಬೇಕು. ಕಾಕಾನನ್ನು ಕೇಳಿದರೆ, "ನಾ ಏನೂ ಅಂದಿಲ್ಲಪಾ, ಬಾಯಾಗ ತಂಬಾಕ ಇತ್ತು," ಅನ್ನುತ್ತಾರೆ. ಮಾವಶಿಯ ಪ್ರಕಾರ ಅವಳೇ ಒಳಗಿಂದ "ಬರ ಬಿದ್ದೈತ್ರಿ ಬಾಯಿ" ಎಂದು ಕೂಗಿ ಹೇಳಿದ್ದಳು, ಗಂಡಸರು ಹಾಳು ಮಾಡಿದರು. ಮ್ಯಾಡಮ್ ಈಗ ಕೊಂಕಣಕ್ಕೆ ವಾಪಸಾಗಿ ಮಾವಿನ ಬೆಳೆ ಎಣಿಸುತ್ತಾಳೆ. ಫೋನು ಮಾಡಿದ್ದೆ. "ನಿಮ್ಮ ಕಾಕಾ ಎಷ್ಟು ಸಂತೋಷದಿಂದ ಹೇಳಿದರು, ನನಗೆ ಚೆನ್ನಾಗಿ ನೆನಪಿದೆ," ಎಂದು ಮರಾಠಿಯಲ್ಲಿ ಅಂದಳು. ಕಾಕಾನ ಮುಖದಲ್ಲಿ ಸಂತೋಷವನ್ನು ನಾನಂತೂ ಕಂಡವನಲ್ಲ. ಅಲ್ಲಿಗೆ ಅವಳ ನೆನಪೂ ನನ್ನದರ ಜಾತಿಯದೇ ಎಂದಾಯಿತು.

ಬರದ ಊರುಗಳ ಪಟ್ಟಿ ಹೊರಬಿತ್ತು. ಮಾವಶಿಯ ಊರು ಅದರಲ್ಲಿ ಇರಲಿಲ್ಲ. ದ್ರಾಕ್ಷಿಯ ಊರು ಇತ್ತು, ಅದೂ "ಗಂಭೀರ" ಎಂಬ ದರ್ಜೆಯಲ್ಲಿ.

ಬೆಳಿಗ್ಗೆಯೇ ಮಾವಶಿಯ ಫೋನು. "ನಿನ್ನ ಉಪಗ್ರಹಕ್ಕ ಕಣ್ಣ ಬಂದಾವೇನೋ?"

"ಮಾವಶಿ, ಅದು..."

"ಕಣ್ಣ ಬಂದಿದ್ರ ಎದಿಹಾಲ ಹಿಂಡಬೇಕು ಅಂತಾರ. ಎಮ್ಮಿ ಹಾಲ ನಡೀತಿದ್ರ ನಾ ಕೊಟ್ಟ ಕಳಸ್ತೀನಿ, ಬಿಡಸ್ಲಿ. ಕಾರ ಇದ್ದವರಿಗೆ ಬರ, ಎಮ್ಮಿ ಇದ್ದವರಿಗೆ ಸುಗ್ಗಿ! ಇದನ್ನ ಕಲ್ಯಾಕ ನಿಮ್ಮಪ್ಪ ನಿನ್ನ ಅಷ್ಟ ದೂರ ಕಳಿಸಿದ್ನಾ?"

ದ್ರಾಕ್ಷಿಯ ಊರಿಗೆ ಬರ ಹೇಗೆ ಬಂತೆಂದು ನನಗೆ ಚಿತ್ರ ನೋಡಿದೊಡನೆ ತಿಳಿಯಿತು. ಮಳೆಗಾಲ ಮುಗಿದ ಕೂಡಲೇ ದ್ರಾಕ್ಷಿ ಬಳ್ಳಿಯ ಟೊಂಗೆಗಳನ್ನೆಲ್ಲ ಕತ್ತರಿಸಿ ಬೋಳು ಮಾಡುತ್ತಾರೆ. ಆಮೇಲೆ ಚಿಗುರಿ ಹಣ್ಣು ಬಿಡುತ್ತದೆ. ಛಾಟಣಿ ಎನ್ನುತ್ತಾರೆ. ಉಪಗ್ರಹ ಮೇಲಿಂದ ಹಾದದ್ದು ಛಾಟಣಿ ಮುಗಿದ ವಾರದಲ್ಲಿ. ಹಿಂದಿನ ವರ್ಷಗಳಲ್ಲಿ ಛಾಟಣಿ ತಡವಾಗಿತ್ತು, ಅದೇ ವಾರದ ಹಳೆಯ ಚಿತ್ರಗಳಲ್ಲಿ ಎಲೆ ಇತ್ತು. ಈ ಸಲ ಒಂದೆಲೆ ಇಲ್ಲ. ಊರಿಗೆ ಊರೇ ತಲೆ ಬೋಳಿಸಿಕೊಂಡು ಕೂತದ್ದನ್ನು ನಮ್ಮ ಲೆಕ್ಕ ಸೂತಕವೆಂದು ತಿಳಿಯಿತು. ಸತ್ಯ ಅಳೆಯಲು ಅಲ್ಲಿಗೂ ಯಾರೋ ಹೋಗಿದ್ದರು. ಆದರೆ ದ್ರಾಕ್ಷಿ ಬೆಳೆಗಾರನ ಬಾಯಿಂದ ಈ ಸಲ ಚೆನ್ನಾಗಿದೆ ಎಂಬ ಮಾತನ್ನು ಅವನ ಹೆಂಡತಿಯೂ ಕೇಳಿರುವುದಿಲ್ಲ.

ಎರಡೂ ತಪ್ಪುಗಳನ್ನು ಹಿಡಿದುಕೊಂಡು ನಮ್ಮ ಸಾಹೇಬರ ಬಳಿ ಹೋದೆ. ಅವರದು ಮರಾಠಿ, ಸಾರಾಂಶ ಇಷ್ಟು.

"ಅಲ್ಲಿರೋದು ಜಾಲಿ ಸರ್, ಬೆಳೆಯಲ್ಲ. ಇಲ್ಲಿರೋದು ಛಾಟಣಿ, ಬರವಲ್ಲ."

"ಅಂದರೆ ಉಪಗ್ರಹ ಸುಳ್ಳು ಹೇಳಿತೇ?"

"ಇಲ್ಲ ಸರ್. ಅಲ್ಲಿ ಎಲೆ ಇದೆ ಅಂದಿತು, ಇದೆ. ಇಲ್ಲಿ ಇಲ್ಲ ಅಂದಿತು, ಇಲ್ಲ. ಯಾಕೆ ಅಂತ ನಾವು ಕೇಳಲಿಲ್ಲ."

"ಮುಂದಿನ ವರ್ಷ ಕೇಳೋಣ," ಅಂದರು ಸಾಹೇಬರು, ಅತ್ಯಂತ ಪ್ರೀತಿಯಿಂದ. "ಪಟ್ಟಿ ಮೇಲೆ ಹೋಗಿದೆ. ಈಗ ತಿದ್ದಿದರೆ ನಮ್ಮದು ತಪ್ಪು ಅಂತಾಗುತ್ತದೆ. ಹೋಗಿ ಚಹಾ ಕುಡಿ."

ಕುಡಿದೆ. ಲಿಖಿತದಲ್ಲಿಯೂ ಕೊಟ್ಟೆ. ಅದರ ಮೇಲೆ ಕೆಲವು ಕಾಲ ಸಾಹೇಬರ ಊಟದ ಡಬ್ಬಿ ಇಡುತ್ತಿದ್ದುದನ್ನು ನೋಡಿದ್ದೇನೆ. ಹೀಗಾಗಿ ಅದು ಉಪಯೋಗಕ್ಕೆ ಬರಲಿಲ್ಲ ಎನ್ನಲಾರೆ.

ಮಾಘ ಕಳೆಯಿತು, ಬಣವೆ ಕರಗಿತು. ದಲ್ಲಾಳಿ ಬರುವ ಬುಧವಾರ ಬರುತ್ತೇನೆಂದು ಹೇಳಿ ಕಳಿಸಿದ. ದ್ರಾಕ್ಷಿಯ ಊರಿನಲ್ಲಿ, ಒಂದು ಪಾಳು ಹೊಲದಲ್ಲಿ, ಕಂಬ ನೆಟ್ಟು ಛಾವಣಿ ಶುರುವಾಯಿತು. ದನಗಳು ಕಡಿಮೆ, ಅಲ್ಲಿಯವರ ಬಳಿ ಇದ್ದದ್ದು ಟ್ರ್ಯಾಕ್ಟರುಗಳು, ಅವು ಮೇವು ತಿನ್ನುವುದಿಲ್ಲ. ಮಾವಶಿ ಹೋಗಿ ಕಟ್ಟಬಹುದಿತ್ತು, ಆದರೆ ಒಳಗೆ ಬಿಡುವುದು ಆ ಊರಿನ ದನಗಳನ್ನು ಮಾತ್ರ. ಪ್ರತಿ ದನದ ಕಿವಿಗೂ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು, ನಂಬರಿನ ಹಿಂದೆ ಯಜಮಾನನ ಊರು.

ಆಗ ಕಾಕಾ ತಂಬಾಕು ಉಗುಳಿ ಬಂದು ಒಂದು ಮಾತು ಅಂದರು. ಅವರು ಪೂರ್ತಿ ಬಾಯಿ ತೆರೆದು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ. "ಅಕ್ಕಗ ಪಾಲಿಗೆ ಕೊಡೂಣು."

ಪಾಲಿಗೆ ಕೊಡುವುದು ನಮ್ಮ ಕಡೆಯ ಹಳೆಯ ರೂಢಿ. ದನ ನಿಮ್ಮದು, ಸಾಕುವವರು ಬೇರೆ. ಹಾಲು ಅವರಿಗೆ, ಕರುವಿನಲ್ಲಿ ಪಾಲು. ಎಮ್ಮೆ ನಾದಿನಿಯ ಕೊಟ್ಟಿಗೆಗೆ ಹೋದರೆ, ಬಿಲ್ಲೆಯ ಹಿಂದಿನ ಊರು ಬದಲಾಗುತ್ತದೆ. ಕಾನೂನಿಗೆ ಸರಿ, ರೂಢಿಗೂ ಸರಿ. ಸರಿ ಇರದಿದ್ದದ್ದು ಮಜ್ಜಿಗೆ.

ಮಾವಶಿ ಎರಡು ದಿನ ಊಟದ ಹೊತ್ತಿಗೆ ಮಾತ್ರ ಬಾಯಿ ತೆರೆದಳು. ಸೋಮವಾರ ನನಗೆ ಫೋನು: "ಗಾಡಿ ತಗೊಂಡ ಬಾ." ನಡುವೆ ಯಾರೋ ಅವಳಿಗೆ ನಾನು ದ್ರಾಕ್ಷಿಯ ಊರನ್ನು ಪಟ್ಟಿಯಿಂದ ತೆಗೆಸಲು ಹೋಗಿದ್ದೆನೆಂದು ಹೇಳಿದ್ದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಅದೇ. "ಭಾರಿ ಸತ್ಯಮಾಪನದಾಂವ! ನಮ್ಮೂರಿಗೆ ಬರ ತರೂದು ಆಗಲಿಲ್ಲ, ಅವರೂರಿನ ಬರಾನೂ ಕಳಿಯಾಕ ಹೋಗಿದ್ದಿ? ಇನ್ನೊಂದ ಸ್ವಲ್ಪ ಓದಿದ್ರ ಎಮ್ಮೀನ ಕುರಿ ಅಂತ ಬರೀತಿದ್ದಿ."

"ನಿಜ ಏನೈತೋ ಅದನ್ನ ಹೇಳಬೇಕಲ್ರಿ ಮಾವಶಿ."

"ಹೇಳು. ಎಮ್ಮಿ ಈದ ಮ್ಯಾಲ ಹೇಳು."

ನಾದಿನಿ ಬಾಗಿಲಲ್ಲೇ ನಿಂತಿದ್ದಳು. ನಾನು ಅವಳನ್ನು ಅತ್ಯಾ ಎನ್ನುತ್ತೇನೆ, ಅವಳು ಮಾವಶಿಯನ್ನು ವೈನಿ ಎನ್ನುತ್ತಾಳೆ. ಬಹಳ ದಿನದಿಂದ ಕಾದಿಟ್ಟ ನಗು ಮುಖದ ಮೇಲಿತ್ತು. "ಬರ್ರಿ ವೈನಿ, ಬರ್ರಿ. ದಾರಿ ತಪ್ಪಿ ಬಂದ್ರೇನು?"

"ಇಲ್ಲಕ್ಕಾ, ದಾರಿ ಇದ ಅಂತ ಗೊತ್ತ ಮಾಡಕೊಂಡ ಬಂದೇನಿ."

ಚಹಾ ಆಯಿತು. ಮಾವಶಿ ವಿಷಯ ಹೇಳಿದಳು, ಕಡಿಮೆ ಮಾತಿನಲ್ಲಿ, ನೆಲ ನೋಡುತ್ತ. ಅತ್ಯಾ ಪೂರ್ತಿ ಕೇಳಿದಳು. ಆಮೇಲೆ, "ಕಟ್ಟರಿ, ನಂದೇನ ಹೋಗತೈತಿ. ಆದ್ರ ವೈನಿ, ನಾವು ನೀರ ಮಜ್ಜಗಿ ಕುಡಿಯಾ ಮಂದಿ. ನಿಮ್ಮ ಎಮ್ಮಿ ಹಾಲ ನಮಗ ಪಚನ ಆದೀತ?"

ಮಾವಶಿಯ ಕುತ್ತಿಗೆಯ ನರ ಎದ್ದದ್ದು ನನಗೆ ಕಂಡಿತು. ನಾನು ಕಪ್ಪಿನ ತಳ ನೋಡಿದೆ. ಮಾವಶಿ ತನ್ನ ಕಪ್ಪು ಕೆಳಗಿಟ್ಟಳು.

"ಆ ಮದವಿ ದಿನ ಮಜ್ಜಗಿ ತೆಳುವ ಇತ್ತು," ಅಂದಳು ಮಾವಶಿ. "ಮಂದಿ ಹೆಚ್ಚಾಗಿದ್ರು. ನಾನ ನೀರ ಹೊಯ್ದಿದ್ದೆ."

ಅತ್ಯಾಳ ಕಾದಿಟ್ಟ ನಗು ಎಲ್ಲೋ ಹೋಯಿತು. ಗೆದ್ದವರ ಮುಖ ಇಷ್ಟು ಪೆಚ್ಚಾದದ್ದನ್ನು ನಾನು ನೋಡಿರಲಿಲ್ಲ. "ಅಯ್ಯ, ಹೋಗಲಿ ಬಿಡ್ರಿ ವೈನಿ, ಯಾವ ಕಾಲದ್ದು," ಎಂದು ಎದ್ದು, ಮತ್ತೆ ಚಹಾ ಇಟ್ಟಳು. ಕರಾರು ಒಲೆಯ ಮುಂದೆಯೇ ಆಯಿತು. ಹಾಲು ಅತ್ಯಾಳಿಗೆ. ಹೆಣ್ಣುಗರುವಾದರೆ ಅವಳದು, ಗಂಡಾದರೆ ಮಾವಶಿಯದು. ಎಮ್ಮೆ ಮಾತ್ರ ಮಳೆ ಬಿದ್ದ ಮೇಲೆ ವಾಪಸು. ಹೈನಿನ ಮನೆಯವರಿಗೆ ಗಂಡುಗರು ಕೊಡುವುದೆಂದರೆ ಏನೂ ಕೊಡದಿದ್ದಂತೆ. ಮಾವಶಿ ಅದಕ್ಕೂ ಆತು ಅಂದಳು.

ಬುಧವಾರ ದಲ್ಲಾಳಿ ಬಂದಾಗ ಕೊಟ್ಟಿಗೆಯಲ್ಲಿ ಗೂಟವಷ್ಟೇ ಇತ್ತಂತೆ. "ಎಮ್ಮಿ ಎಲ್ಲಿ?" ಅಂದದ್ದಕ್ಕೆ ಕಾಕಾ, "ಬರಕ್ಕ ಹೋಗೇತಿ," ಅಂದರಂತೆ. ಇದನ್ನೂ ಕಾಕಾ ಈಗ ಒಪ್ಪುವುದಿಲ್ಲ.

ಹೀಗೆ, ಬರವಿದ್ದ ಊರಿನ ಎಮ್ಮೆ, ಬರವಿಲ್ಲದ ಊರಿನ ಬರದ ಛಾವಣಿಯಲ್ಲಿ, ಸಮಡೋಳಿ ಕಡೆಯಿಂದ ಬಂದ ಹಸಿ ಕಬ್ಬಿನ ಸೋಗೆ ತಿಂದು ಬೇಸಿಗೆ ಕಳೆಯಿತು. ಉಪಗ್ರಹ ಒಂದು ತಪ್ಪು ಮಾಡಿತ್ತು, ಅದನ್ನು ಸರಿಪಡಿಸಲು ಇನ್ನೊಂದು ತಪ್ಪು ಮಾಡಿತ್ತು. ಎರಡೂ ಸೇರಿ ಒಂದು ಎಮ್ಮೆ ಉಳಿಯಿತು. ಇದನ್ನು ವಿಜ್ಞಾನದ ಸಾಧನೆ ಎಂದು ನಮ್ಮ ವಾರ್ಷಿಕ ವರದಿಯಲ್ಲಿ ಯಾಕೆ ಬರೆಯಲಿಲ್ಲವೋ ತಿಳಿಯದು. ಮಾವಶಿ ನೋಡಲು ಹೋಗುವ ನೆಪದಲ್ಲಿ ವಾರಕ್ಕೊಮ್ಮೆ ಅತ್ಯಾಳ ಮನೆಯಲ್ಲಿ ಉಣ್ಣುತ್ತಿದ್ದಳು. ಊಟದ ಬಗ್ಗೆ ನಮ್ಮ ಹತ್ತಿರ ದೂರುವುದನ್ನು ನಿಲ್ಲಿಸಲಿಲ್ಲ, ಆದರೆ ಹೋಗುವುದನ್ನೂ ನಿಲ್ಲಿಸಲಿಲ್ಲ.

ಕರು ಹುಟ್ಟಿತು. ಗಂಡು. ಅತ್ಯಾಳ ಪ್ರಕಾರ ಛಾವಣಿಯ ಕಂಬದ ಬುಡದಲ್ಲಿ, ಮಟಮಟ ಮಧ್ಯಾಹ್ನ, ಅವಳೊಬ್ಬಳೇ ಎದುರಿಗಿದ್ದಾಗ. ಮಾವಶಿಯ ಪ್ರಕಾರ ಅತ್ಯಾಳ ಕೊಟ್ಟಿಗೆಯಲ್ಲಿ, ಬೆಳಗಿನ ಜಾವ, ತಾನು ಅಲ್ಲೇ ಮಲಗಿದ್ದಾಗ, ತನ್ನ ಕೈಯಲ್ಲಿ. ಎರಡು ಕಡೆ ಹುಟ್ಟಿದ ಕರು ಒಂದೇ. ಮೊದಲ ಮಳೆ ಬಿದ್ದ ಮೇಲೆ ತಾಯಿ ಮಗ ಎರಡನ್ನೂ ನಡೆದೇ ಊರಿಗೆ ತಂದೆವು. ಮಾವಶಿ ಮುಂದೆ, ಎಮ್ಮೆ ನಡುವೆ, ಕರುವನ್ನು ಹೆಗಲ ಮೇಲೆ ಹಾಕಿಕೊಂಡು ನಾನು ಹಿಂದೆ. ಅಥವಾ ಕಾಕಾ ಹೊತ್ತಿದ್ದರು. ಹೆಗಲು ನೋವಾದದ್ದು ನೆನಪಿದೆ, ಆದರೆ ನನ್ನ ಹೆಗಲು ಬೇರೆ ಕಾರಣಕ್ಕೂ ನೋಯುತ್ತದೆ.

ಒಂದು ವಿಷಯವನ್ನು ಮಾತ್ರ ನಾನು ಪರಿಶೀಲಿಸಿದ್ದೇನೆ. ಆ ಮಳೆಗಾಲದ ಚಿತ್ರ ಬಂದಾಗ ದ್ರಾಕ್ಷಿಯ ಊರಿನ ಅಂಚಿನಲ್ಲಿ, ಛಾವಣಿ ಇದ್ದ ಪಾಳು ಹೊಲದಲ್ಲಿ, ಪಟ್ಟಿ ಹಿಡಿದು ಗೆರೆ ಎಳೆದಂತೆ ಒಂದು ಚೌಕ ಸುತ್ತಲಿಗಿಂತ ದಟ್ಟ ಕೆಂಪಾಗಿ ಕಂಡಿತು. ಲೆಕ್ಕದ ತಪ್ಪಿರಬೇಕೆಂದುಕೊಂಡೆ. ಭಾನುವಾರ ಗಾಡಿ ತೆಗೆದುಕೊಂಡು ಹೋಗಿ ನೋಡಿದೆ. ಯಜಮಾನ ಆ ಹೊಲಕ್ಕೆ ಸಜ್ಜೆ ಬಿತ್ತಿದ್ದ. ಬೇಸಿಗೆಯೆಲ್ಲ ದನಗಳು ಸೆಗಣಿ ಹಾಕಿದ ಜಾಗದಲ್ಲಿ ಅದು ನನ್ನ ತಲೆ ಮೀರಿ ನಿಂತಿತ್ತು. ಒಂದು ಹೆಜ್ಜೆ ಆಚೆ, ಅದೇ ದಿನ ಬಿತ್ತಿದ ಅದೇ ಸಜ್ಜೆ, ಸೊಂಟದ ತನಕ ಮಾತ್ರ ಇತ್ತು.